ಉಸ್ತುವಾರಿ ಮತ್ತು ಹಂಗು: ಖಾಸಗಿ ನಿರ್ಮಿತ ಮಾನವಸಹಿತ ಗಗನನೌಕೆಗಳ ವಿಳಂಬವನ್ನು ಕುರಿತು

೧. ವಿಷಯ ಪ್ರವೇಶ

೨೦೨೪ರ ಜೂನ್ ೫ರಂದು ಬೋಯಿಂಗ್ ಸಂಸ್ಥೆ ನಿರ್ಮಿಸಿದ ಸ್ಟಾರ್‌ಲೈನರ್ ನೌಕೆಯಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಪ್ರಯಾಣ ಬೆಳೆಸಿದರು. ಸುಮಾರು ಎಂಟು ದಿನಗಳದೆಂದು ಯೋಜಿಸಿದ್ದ ಆ ಯಾನ ೨೮೬ ದಿನಗಳಿಗೆ ಬೆಳೆಯಿತು. ಅವರು ಭೂಮಿಗೆ ಮರಳಿದ್ದು ೨೦೨೫ರ ಮಾರ್ಚ್ ೧೮ರಂದು, ಅದೂ ಬೇರೊಂದು ಸಂಸ್ಥೆಯ ನೌಕೆಯಲ್ಲಿ. ವಿಲಿಯಮ್ಸ್ ಅವರ ತಂದೆ ಗುಜರಾತ್ ಮೂಲದವರಾದ್ದರಿಂದ ನಮ್ಮ ದೇಶದ ಪತ್ರಿಕೆಗಳಲ್ಲಿ ಈ ಪ್ರಸಂಗಕ್ಕೆ ವ್ಯಾಪಕ ಪ್ರಚಾರ ದೊರೆಯಿತು. ಆದರೆ ಬಹುಪಾಲು ಬರಹಗಳು ಅದನ್ನು ಅಂತರಿಕ್ಷದಲ್ಲಿ ಸಿಕ್ಕಿಬಿದ್ದವರ ಕಥೆಯಾಗಿ ನಿರೂಪಿಸಿದವು. ಅದರ ಹಿಂದೆ ಒಂದು ದಶಕಕ್ಕೂ ಮಿಕ್ಕಿದ ಆಡಳಿತದ ಇತಿಹಾಸವಿದೆಯೆಂಬ ಅಂಶ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಖಾಸಗಿ ಉದ್ದಿಮೆಯೊಂದು ಮನುಷ್ಯರನ್ನು ಹೊತ್ತೊಯ್ಯುವ ನೌಕೆಯನ್ನು ನಿರ್ಮಿಸುತ್ತದೆ. ಸರ್ಕಾರ ಅದಕ್ಕೆ ಹಣ ಕೊಡುತ್ತದೆ. ನೌಕೆ ಹೇಳಿದ ಕಾಲಕ್ಕೆ ಸಿದ್ಧವಾಗುವುದಿಲ್ಲ. ಆಗ ಸರ್ಕಾರ ಏನನ್ನು ನೋಡಬೇಕು, ಯಾರ ಕಣ್ಣಿನಿಂದ ನೋಡಬೇಕು, ಕೊನೆಗೆ ಬೇಡವೆನ್ನುವ ಅಧಿಕಾರ ಯಾರಲ್ಲಿರಬೇಕು? ಅಮೆರಿಕದ ನಾಸಾ ಸಂಸ್ಥೆಯ ವಾಣಿಜ್ಯ ಸಿಬ್ಬಂದಿ ಸಾಗಣೆ ಕಾರ್ಯಕ್ರಮವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪರಿಭಾಷೆಯನ್ನು ಕುರಿತು ಒಂದು ಮಾತು

ಮುಂದಿನ ವಿವೇಚನೆಗೆ ಅಗತ್ಯವಾದ ಕೆಲವು ಪದಗಳನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಅಮೆರಿಕದ ಗುತ್ತಿಗೆ ವ್ಯವಹಾರದಲ್ಲಿ ಓವರ್‌ಸೈಟ್ ಮತ್ತು ಇನ್‌ಸೈಟ್ ಎಂಬ ಎರಡು ಮಾತುಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಕೆಲಸ ಹೇಗೆ ನಡೆಯಬೇಕೆಂದು ಸೂಚಿಸಿ, ಹಂತಹಂತದಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಮೊದಲನೆಯದು. ಕೆಲಸ ನಡೆಯುವುದನ್ನು ಒಳಗಿನಿಂದ ನೋಡಿ ತಿಳಿಯುವ ಅವಕಾಶ ಎರಡನೆಯದು. ಅಲ್ಲಿ ನೋಡುವ ಹಕ್ಕುಂಟು, ನಿರ್ದೇಶಿಸುವ ಹಕ್ಕು ಕಡಿಮೆ. ಮೊದಲನೆಯದಕ್ಕೆ ನಾವು ಉಸ್ತುವಾರಿ ಎಂಬ ಪದವನ್ನು ಆರಿಸಿಕೊಂಡಿದ್ದೇವೆ. ಮೇಲ್ವಿಚಾರಣೆ ಎಂಬುದೂ ಸಲ್ಲುತ್ತದೆ. ಆದರೆ ಜಿಲ್ಲಾ ಉಸ್ತುವಾರಿ ಸಚಿವ ಎಂಬಂಥ ಬಳಕೆಯಲ್ಲಿ ಕಾಣುವಂತೆ ಉಸ್ತುವಾರಿಯಲ್ಲಿ ನೋಡುವುದರ ಜೊತೆಗೆ ಹೊಣೆ ಹೊರುವ ಅರ್ಥವೂ ಸೇರಿದೆ. ಎರಡನೆಯದಕ್ಕೆ ಒಳನೋಟವೆಂಬ ಪದವನ್ನು, ಅದರ ಸಾಹಿತ್ಯವಿಮರ್ಶೆಯ ಅರ್ಥವನ್ನು ಬದಿಗಿಟ್ಟು, ಬಳಸುತ್ತೇವೆ.

ಇನ್ನೊಂದು ಪದ ಹಂಗು. ಯಾರಿಂದ ನಮಗೆ ಕೆಲಸವಾಗಬೇಕೋ ಅವರನ್ನು ಪ್ರಶ್ನಿಸುವಾಗ ನಾಲಗೆಯನ್ನು ತಡೆಯುವ ಸ್ಥಿತಿಯನ್ನು ಕನ್ನಡ ಈ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ನೌಕೆಯನ್ನು ಪರೀಕ್ಷಿಸಬೇಕಾದ ಸರ್ಕಾರವೇ ನೌಕೆಗಾಗಿ ಕಾಯುತ್ತಿರುವ ಗಿರಾಕಿಯೂ ಆಗಿದ್ದರೆ, ವಿಳಂಬ ಹೆಚ್ಚಿದಂತೆಲ್ಲ ಪರೀಕ್ಷಕನ ಮೇಲಿನ ಹಂಗೂ ಹೆಚ್ಚುತ್ತದೆ. ನಮ್ಮ ವಾದದ ತಿರುಳು ಇದು.

೩. ಹಿನ್ನೆಲೆ

೨೦೦೩ರಲ್ಲಿ ಕೊಲಂಬಿಯಾ ನೌಕೆ ಏಳು ಮಂದಿ ಯಾತ್ರಿಗಳೊಡನೆ ನಾಶವಾದ ನಂತರ ಅಮೆರಿಕ ತನ್ನ ಬಾಹ್ಯಾಕಾಶ ಷಟಲ್‌ಗಳನ್ನು ನಿವೃತ್ತಿಗೊಳಿಸಲು ನಿರ್ಧರಿಸಿತು. ೨೦೧೧ರ ಜುಲೈನಲ್ಲಿ ಅಟ್ಲಾಂಟಿಸ್ ನೆಲಕ್ಕಿಳಿಯುವುದರೊಂದಿಗೆ ಆ ಅಧ್ಯಾಯ ಮುಗಿಯಿತು. ಆ ಬಳಿಕ ನಿಲ್ದಾಣಕ್ಕೆ ಹೋಗಿಬರಲು ಅಮೆರಿಕದ ಯಾತ್ರಿಗಳಿಗೆ ರಷ್ಯದ ಸೋಯುಜ್ ನೌಕೆಯೊಂದೇ ದಾರಿಯಾಯಿತು. ಆಸನವೊಂದರ ದರ ವರ್ಷದಿಂದ ವರ್ಷಕ್ಕೆ ಏರಿ, ೨೦೨೦ರ ಮೇ ತಿಂಗಳಲ್ಲಿ ಕೊಂಡ ಒಂದು ಆಸನಕ್ಕೆ ನಾಸಾ ೯ ಕೋಟಿ ಡಾಲರ್‌ಗೂ ಸ್ವಲ್ಪ ಹೆಚ್ಚು ತೆತ್ತಿತು.

ಈ ಅವಲಂಬನೆಯಿಂದ ಬಿಡುಗಡೆ ಪಡೆಯಲು ನಾಸಾ ೨೦೧೦ರಲ್ಲಿ ಐದು ಉದ್ದಿಮೆಗಳಿಗೆ ಒಟ್ಟು ೫ ಕೋಟಿ ಡಾಲರ್ ಹಂಚಿ ಹೊಸ ಕಾರ್ಯಕ್ರಮವನ್ನು ಆರಂಭಿಸಿತು. ಹಲವು ಸುತ್ತುಗಳ ಆಯ್ಕೆಯ ನಂತರ ೨೦೧೪ರ ಸೆಪ್ಟೆಂಬರ್ ೧೬ರಂದು ಅಂತಿಮ ಗುತ್ತಿಗೆಗಳು ಪ್ರಕಟವಾದವು: ಬೋಯಿಂಗ್‌ಗೆ ೪೨೦ ಕೋಟಿ ಡಾಲರ್‌ವರೆಗೆ, ಸ್ಪೇಸ್ ಎಕ್ಸ್‌ಗೆ ೨೬೦ ಕೋಟಿ ಡಾಲರ್‌ವರೆಗೆ. ಎರಡೂ ನೌಕೆಗಳು ೨೦೧೭ರೊಳಗೆ ಪ್ರಮಾಣೀಕೃತವಾಗಬೇಕೆಂಬುದು ಗುರಿಯಾಗಿತ್ತು. ಸ್ಪೇಸ್ ಎಕ್ಸ್‌ನ ಕ್ರೂ ಡ್ರ್ಯಾಗನ್ ೨೦೨೦ರ ಮೇ ೩೦ರಂದು ಮೊದಲ ಬಾರಿಗೆ ಯಾತ್ರಿಗಳನ್ನು ಹೊತ್ತು ಹಾರಿತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಮಾಣಪತ್ರ ಪಡೆಯಿತು. ಸ್ಟಾರ್‌ಲೈನರ್ ಯಾತ್ರಿಗಳೊಡನೆ ಮೊದಲು ಹಾರಿದ್ದು ೨೦೨೪ರಲ್ಲಿ.

೪. ನಿಗದಿತ ಬೆಲೆಯ ಗುತ್ತಿಗೆ

ಅಪೋಲೊ ಹಾಗೂ ಷಟಲ್ ಕಾಲದಲ್ಲಿ ನಾಸಾ ಸಾಮಾನ್ಯವಾಗಿ ಅನುಸರಿಸಿದ್ದು ವೆಚ್ಚಾಧಾರಿತ ಗುತ್ತಿಗೆಯನ್ನು. ತಗಲಿದ ವೆಚ್ಚವನ್ನು ಸರ್ಕಾರ ಭರಿಸಿ, ಅದರ ಮೇಲೆ ನಿರ್ಮಾಪಕನಿಗೆ ಲಾಭಾಂಶವನ್ನು ಕೊಡುವುದು ಅದರ ರೀತಿ. ವಿನ್ಯಾಸ ಸರ್ಕಾರದ್ದು, ಉಸ್ತುವಾರಿಯೂ ಸರ್ಕಾರದ್ದು. ತಡವಾದರೆ ಅದರ ಹೊರೆಯೂ ಸರ್ಕಾರದ್ದು. ಹೊಸ ಕಾರ್ಯಕ್ರಮದಲ್ಲಿ ಬೆಲೆ ಮೊದಲೇ ನಿಗದಿಯಾಯಿತು. ನೌಕೆಯ ಒಡೆತನ ಉದ್ದಿಮೆಯ ಕೈಯಲ್ಲಿ ಉಳಿಯಿತು. ಗೊತ್ತುಪಡಿಸಿದ ಮೈಲಿಗಲ್ಲುಗಳನ್ನು ಮುಟ್ಟಿದಾಗ ಮಾತ್ರ ಹಣ ಬಿಡುಗಡೆಯಾಗುತ್ತಿತ್ತು. ನಾಸಾ ತನಗೆ ಬೇಕಾದ ಸುರಕ್ಷತೆಯ ಮಟ್ಟವನ್ನು ಹೇಳಿತು. ಅದನ್ನು ಸಾಧಿಸುವ ಬಗೆಯನ್ನು ಬಹುಮಟ್ಟಿಗೆ ನಿರ್ಮಾಪಕರಿಗೆ ಬಿಟ್ಟಿತು. ಮೇಲೆ ಹೇಳಿದ ಉಸ್ತುವಾರಿ ಹೀಗೆ ಒಳನೋಟದ ಕಡೆಗೆ ಸರಿಯಿತು. ಹಾರಾಟಕ್ಕೆ ಮುನ್ನ ಪ್ರಮಾಣೀಕರಿಸುವ ಅಧಿಕಾರ ಮಾತ್ರ ನಾಸಾದಲ್ಲೇ ಉಳಿಯಿತು.

ಈ ಪದ್ಧತಿಯಿಂದ ಬೊಕ್ಕಸಕ್ಕೆ ಆದ ಲಾಭವನ್ನು ಅಲ್ಲಗಳೆಯಲಾಗದು. ಸ್ಟಾರ್‌ಲೈನರ್‌ನ ಲೋಪಗಳಿಂದ ಬೋಯಿಂಗ್ ಸಂಸ್ಥೆ ಅನುಭವಿಸಿದ ಒಟ್ಟು ನಷ್ಟ ೨೦೦ ಕೋಟಿ ಡಾಲರ್‌ಗಳನ್ನು ಮೀರಿತು. ಹಳೆಯ ಪದ್ಧತಿಯಲ್ಲಿ ಅದರ ಬಹುಭಾಗ ತೆರಿಗೆದಾರನ ತಲೆಗೆ ಬರುತ್ತಿತ್ತು. ಆದರೆ ಬೆಲೆಯನ್ನು ನಿಗದಿ ಮಾಡಿದಂತೆ ಕಾಲವನ್ನು ನಿಗದಿ ಮಾಡಲು ಗುತ್ತಿಗೆ ಪತ್ರಕ್ಕೆ ಸಾಧ್ಯವಿಲ್ಲ. ತಡವಾದಾಗ ಹಣದ ನಷ್ಟ ನಿರ್ಮಾಪಕನದು. ನಿಲ್ದಾಣಕ್ಕೆ ಜನರನ್ನು ಕಳುಹಿಸಲಾಗದ ಸಂಕಟ ಸರ್ಕಾರದ್ದು.

೫. ವಿಳಂಬದ ಕಾರಣಗಳು

ವಿಳಂಬಕ್ಕೆ ನಿರ್ಮಾಪಕರನ್ನಷ್ಟೇ ಹೊಣೆ ಮಾಡುವುದು ನ್ಯಾಯವಲ್ಲ. ಆರಂಭದ ವರ್ಷಗಳಲ್ಲಿ ಶಾಸನಸಭೆಯೇ ಅನುದಾನವನ್ನು ಕಡಿತಗೊಳಿಸಿತು. ೨೦೧೨ರ ಆರ್ಥಿಕ ವರ್ಷಕ್ಕೆ ಸರ್ಕಾರ ಕೇಳಿದ್ದು ೮೫ ಕೋಟಿ ಡಾಲರ್. ದೊರೆತದ್ದು ಅದರ ಅರ್ಧಕ್ಕಿಂತ ಕಡಿಮೆ. ಗುರಿ ೨೦೧೫ರಿಂದ ೨೦೧೭ಕ್ಕೆ ಜಾರಲು ಈ ಕೊರತೆ ಕಾರಣವೆಂದು ನಾಸಾ ಹೇಳಿತು.

ನಂತರದ ವಿಳಂಬಗಳು ತಾಂತ್ರಿಕ ಸ್ವರೂಪದವು. ೨೦೧೬ರ ಸೆಪ್ಟೆಂಬರ್‌ನಲ್ಲಿ ಸ್ಪೇಸ್ ಎಕ್ಸ್‌ನ ಫಾಲ್ಕನ್ ೯ ರಾಕೆಟ್ ಇಂಧನ ತುಂಬುವ ವೇಳೆ ಉಡಾವಣಾ ವೇದಿಕೆಯ ಮೇಲೆಯೇ ಸ್ಫೋಟಿಸಿತು. ಯಾತ್ರಿಗಳು ಒಳಗೆ ಕುಳಿತ ಮೇಲೆ ಇಂಧನ ತುಂಬುವ ಆ ಸಂಸ್ಥೆಯ ಕ್ರಮ ತೀವ್ರ ಚರ್ಚೆಗೆ ಒಳಗಾದುದು ಸಹಜವೇ. ೨೦೧೮ರ ಜೂನ್‌ನಲ್ಲಿ ಬೋಯಿಂಗ್‌ನ ತುರ್ತು ಪಾರಾಗುವ ಎಂಜಿನ್‌ಗಳ ಪರೀಕ್ಷೆಯಲ್ಲಿ ಇಂಧನ ಸೋರಿತು. ೨೦೧೯ರ ಏಪ್ರಿಲ್ ೨೦ರಂದು ಡ್ರ್ಯಾಗನ್ ನೌಕೆಯೊಂದು ನೆಲದ ಮೇಲಿನ ಪರೀಕ್ಷೆಯಲ್ಲಿ ಸಿಡಿದು ನಾಶವಾಯಿತು. ಅದೇ ನೌಕೆ ಹಿಂದಿನ ತಿಂಗಳಷ್ಟೇ ಯಾತ್ರಿಗಳಿಲ್ಲದೆ ನಿಲ್ದಾಣಕ್ಕೆ ಹೋಗಿ ಬಂದಿತ್ತು. ಧುಮುಕುಕೊಡೆಗಳ ತೊಂದರೆ ಇಬ್ಬರನ್ನೂ ಕಾಡಿತು.

ಇಂಥ ವಿಳಂಬವನ್ನು ವೈಫಲ್ಯವೆಂದು ಕರೆಯುವಾಗ ಎಚ್ಚರಿಕೆ ಬೇಕು. ದೋಷ ನೆಲದ ಮೇಲೆ ಕಾಣಿಸಿಕೊಂಡು ಕಾಲ ಹಿಡಿದರೆ ಪರೀಕ್ಷೆ ತನ್ನ ಕೆಲಸ ಮಾಡಿದೆಯೆಂದೇ ಅರ್ಥ. ಉಸ್ತುವಾರಿ ಹೊತ್ತವರು ಕೇಳಬೇಕಾದ ಪ್ರಶ್ನೆಗಳು ಎರಡು: ಮುಂದಿನ ದಿನಾಂಕವೆಂದು ಹೇಳುತ್ತಿರುವುದು ನಂಬಲರ್ಹವೇ? ಅದೂ ತಪ್ಪಿದರೆ ನಮ್ಮ ಬಳಿ ಬೇರೇನು ಉಪಾಯವಿದೆ?

೬. ಹೊರಗಿನ ಪರೀಕ್ಷಕರು

ಈ ಎರಡು ಪ್ರಶ್ನೆಗಳನ್ನು ಬಿಡದೆ ಕೇಳಿದವರು ಕಾರ್ಯಕ್ರಮದ ಹೊರಗಿನವರು. ಅಂಥ ಸಂಸ್ಥೆಗಳು ಮೂರು. ಮೊದಲನೆಯದು ಶಾಸನಸಭೆಗೆ ಉತ್ತರದಾಯಿಯಾದ ಸರ್ಕಾರಿ ಹೊಣೆಗಾರಿಕೆ ಕಚೇರಿ. ಎರಡನೆಯದು ನಾಸಾದೊಳಗೇ ಇದ್ದೂ ಸ್ವತಂತ್ರವಾಗಿ ವರದಿ ಮಾಡುವ ಮಹಾನಿರೀಕ್ಷಕರ ಕಚೇರಿ. ಮೂರನೆಯದು ೧೯೬೭ರ ಅಪೋಲೊ ೧ ಬೆಂಕಿ ದುರಂತದಲ್ಲಿ ಮೂವರು ಯಾತ್ರಿಗಳು ಸತ್ತ ನಂತರ ಶಾಸನದ ಮೂಲಕ ಸ್ಥಾಪಿತವಾದ ವ್ಯೋಮಯಾನ ಸುರಕ್ಷತಾ ಸಲಹಾ ಮಂಡಳಿ. ಮೂರಕ್ಕೂ ಸಾಮಾನ್ಯವಾದ ಒಂದು ಲಕ್ಷಣವುಂಟು: ನೌಕೆಯಲ್ಲಿ ಆಸನ ಬೇಕಾಗಿರುವವರು ಇವರಲ್ಲಿ ಯಾರೂ ಇಲ್ಲ.

ಹೊಣೆಗಾರಿಕೆ ಕಚೇರಿಯ ೨೦೧೮ರ ಜುಲೈ ವರದಿ ಈ ದೃಷ್ಟಿಯಿಂದ ಗಮನಾರ್ಹವಾದುದು. ಬೋಯಿಂಗ್ ೨೦೧೯ರ ಜನವರಿಯಲ್ಲಿ, ಸ್ಪೇಸ್ ಎಕ್ಸ್ ಅದರ ಮರುತಿಂಗಳಲ್ಲಿ ಪ್ರಮಾಣೀಕೃತವಾಗುವುದಾಗಿ ಆಗ ಹೇಳಿಕೊಂಡಿದ್ದವು. ಕಾರ್ಯಕ್ರಮದ ಅಧಿಕಾರಿಗಳೇ ನಡೆಸಿದ ಅಪಾಯ ವಿಶ್ಲೇಷಣೆ ಸರಾಸರಿ ದಿನಾಂಕವಾಗಿ ತೋರಿಸಿದ್ದು ಬೋಯಿಂಗ್‌ಗೆ ೨೦೧೯ರ ಡಿಸೆಂಬರ್, ಸ್ಪೇಸ್ ಎಕ್ಸ್‌ಗೆ ೨೦೨೦ರ ಜನವರಿ. ಸೋಯುಜ್ ಆಸನಗಳ ಏರ್ಪಾಡೋ ೨೦೧೯ರ ನವೆಂಬರ್‌ವರೆಗೆ ಮಾತ್ರ ಇತ್ತು. ಅಂದರೆ ಅಧಿಕಾರಿಗಳ ಲೆಕ್ಕವೇ ನಿಜವಾದರೂ ನಿಲ್ದಾಣದಲ್ಲಿ ಅಮೆರಿಕದವರಿಲ್ಲದ ಅವಧಿಯೊಂದು ಒದಗುವ ಸಂಭವವಿತ್ತು. ಇದಕ್ಕೆ ಪರ್ಯಾಯ ಯೋಜನೆಯನ್ನು ರೂಪಿಸಬೇಕೆಂದು ವರದಿ ಶಿಫಾರಸು ಮಾಡಿತು. ಸ್ಪೇಸ್ ಎಕ್ಸ್‌ಗೆ ಪ್ರಮಾಣಪತ್ರ ದೊರೆತದ್ದು ಆ ಸರಾಸರಿ ದಿನಾಂಕಕ್ಕಿಂತ ಹತ್ತು ತಿಂಗಳು ತಡವಾಗಿ ಎಂಬುದನ್ನು ನೆನೆದರೆ ಎಚ್ಚರಿಕೆ ಅತಿಯಾಗಿರಲಿಲ್ಲವೆಂಬುದು ಮನದಟ್ಟಾಗುತ್ತದೆ.

ಅದೇ ವರದಿ ಇನ್ನೊಂದು ಕೊರತೆಯನ್ನೂ ಎತ್ತಿ ತೋರಿಸಿತು. ಯಾತ್ರಿಗಳು ಪ್ರಾಣ ಕಳೆದುಕೊಳ್ಳುವ ಸಂಭವ ೨೭೦ ಯಾನಗಳಲ್ಲಿ ಒಂದಕ್ಕಿಂತ ಹೆಚ್ಚಿರಬಾರದೆಂದು ಗುತ್ತಿಗೆ ವಿಧಿಸಿತ್ತು. ಆದರೆ ಈ ಸಂಭವವನ್ನು ಅಳೆಯುವ ಏಕರೂಪದ ಕ್ರಮ ನಾಸಾದಲ್ಲಿ ಇರಲಿಲ್ಲ. ಅಳತೆಗೋಲು ಸ್ಪಷ್ಟವಿಲ್ಲದ ಕಡೆ ತಡವಾದ ಕೆಲಸವನ್ನು ಒಪ್ಪಿಕೊಳ್ಳುವ ಒತ್ತಡವೇ ಅಳತೆಗೋಲಿನ ಸ್ಥಾನಕ್ಕೆ ಬರುವ ಭಯವಿರುತ್ತದೆ.

ಹಂಗು ಹಣದ ರೂಪದಲ್ಲಿ ಪ್ರಕಟವಾದ ಬಗೆಯನ್ನು ಮಹಾನಿರೀಕ್ಷಕರ ೨೦೧೯ರ ನವೆಂಬರ್ ವರದಿ ದಾಖಲಿಸಿದೆ. ನಿಲ್ದಾಣದ ಯಾನಗಳಲ್ಲಿ ಉಂಟಾಗಬಹುದೆಂದು ಭಾವಿಸಿದ ೧೮ ತಿಂಗಳ ತೆರಪನ್ನು ನಿವಾರಿಸಲು ಹಾಗೂ ಬೋಯಿಂಗ್ ಎರಡನೆಯ ಪೂರೈಕೆದಾರನಾಗಿ ಉಳಿಯುವಂತೆ ನೋಡಿಕೊಳ್ಳಲು ನಾಸಾ ನಿಗದಿತ ಬೆಲೆಯ ಮೇಲೆ ೨೮.೭೨ ಕೋಟಿ ಡಾಲರ್‌ಗಳನ್ನು ಹೆಚ್ಚಿಗೆ ಕೊಡಲು ಒಪ್ಪಿತ್ತು. ಇದರಲ್ಲಿ ೧೮.೭ ಕೋಟಿ ಅನಗತ್ಯವಾಗಿತ್ತೆಂದು ಮಹಾನಿರೀಕ್ಷಕರು ಆಕ್ಷೇಪಿಸಿದರು. ಬೋಯಿಂಗ್ ಈ ಆಕ್ಷೇಪವನ್ನು ಒಪ್ಪಲಿಲ್ಲ. ಒಂದು ಆಸನಕ್ಕೆ ಸ್ಟಾರ್‌ಲೈನರ್‌ನಲ್ಲಿ ಸುಮಾರು ೯ ಕೋಟಿ, ಡ್ರ್ಯಾಗನ್‌ನಲ್ಲಿ ಸುಮಾರು ೫.೫ ಕೋಟಿ ಡಾಲರ್ ತಗಲುವುದೆಂಬ ಅಂದಾಜೂ ಅದೇ ವರದಿಯದು. ತಡ ಮಾಡಿದ ನಿರ್ಮಾಪಕನಿಗೆ ತಡದ ಕಾರಣದಿಂದಲೇ ಚೌಕಾಸಿಯ ಬಲ ದೊರೆಯಿತೆಂಬುದು ಈ ಪ್ರಸಂಗದ ವಿಪರ್ಯಾಸ.

೭. ನಂಬಿಕೆಯ ಕುರುಡುತನ

೨೦೧೯ರ ಡಿಸೆಂಬರ್ ೨೦ರಂದು ಸ್ಟಾರ್‌ಲೈನರ್ ಯಾತ್ರಿಗಳಿಲ್ಲದೆ ಪರೀಕ್ಷಾರ್ಥವಾಗಿ ಹಾರಿತು. ನೌಕೆಯ ಗಡಿಯಾರ ರಾಕೆಟ್‌ನಿಂದ ತಪ್ಪು ವೇಳೆಯನ್ನು ಪಡೆದು ೧೧ ಗಂಟೆಗಳಷ್ಟು ವ್ಯತ್ಯಾಸದಲ್ಲಿ ನಡೆಯತೊಡಗಿತು. ಯಾನ ಬೇರೊಂದು ಘಟ್ಟದಲ್ಲಿದೆಯೆಂದು ಭಾವಿಸಿದ ಗಣಕ ಇಂಧನವನ್ನು ವ್ಯರ್ಥವಾಗಿ ಉರಿಸಿದ್ದರಿಂದ ನಿಲ್ದಾಣವನ್ನು ಸೇರುವುದು ಸಾಧ್ಯವಾಗಲಿಲ್ಲ. ನೌಕೆ ಎರಡು ದಿನಗಳಲ್ಲಿ ನೆಲಕ್ಕಿಳಿಯಿತು. ಇಳಿಯುವ ಮುನ್ನ ತಂತ್ರಾಂಶದಲ್ಲಿ ಇನ್ನೊಂದು ದೋಷ ಪತ್ತೆಯಾಗಿ ಅದನ್ನು ಅವಸರದಲ್ಲಿ ತಿದ್ದಲಾಗಿತ್ತು. ತಿದ್ದದೆ ಹೋಗಿದ್ದರೆ, ಬೇರ್ಪಟ್ಟ ಸೇವಾಘಟಕ ಯಾತ್ರಿಗಳ ಕೋಶಕ್ಕೆ ಬಡಿಯುವ ಸಂಭವವಿತ್ತು. ಈ ಎರಡನೆಯ ದೋಷ ಸಾರ್ವಜನಿಕರಿಗೆ ತಿಳಿದುಬಂದದ್ದು ೨೦೨೦ರ ಫೆಬ್ರವರಿಯಲ್ಲಿ, ಸುರಕ್ಷತಾ ಸಲಹಾ ಮಂಡಳಿಯ ಬಹಿರಂಗ ಸಭೆಯ ಮೂಲಕ. ಅಂಥ ಮಂಡಳಿಯ ಸಭೆ ಬಹಿರಂಗವಾಗಿ ನಡೆಯುವುದು ಏಕೆ ಅಗತ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ನಂತರ ನಡೆದ ಜಂಟಿ ಪರಿಶೀಲನೆ ೮೦ ಶಿಫಾರಸುಗಳನ್ನು ಮಾಡಿತು. ಉಡಾವಣೆಯಿಂದ ನಿಲ್ದಾಣದವರೆಗಿನ ತಂತ್ರಾಂಶವನ್ನು ಒಟ್ಟಾಗಿ ಪರೀಕ್ಷಿಸದೆ ತುಂಡುತುಂಡಾಗಿ ಪರೀಕ್ಷಿಸಿದ್ದು ಮುಖ್ಯ ಲೋಪವಾಗಿತ್ತು. ನಮ್ಮ ದೃಷ್ಟಿಗೆ ಇದಕ್ಕಿಂತ ಮಹತ್ವದ್ದು ಕಾರ್ಯಕ್ರಮದ ವ್ಯವಸ್ಥಾಪಕ ಸ್ಟೀವ್ ಸ್ಟಿಚ್ ೨೦೨೦ರ ಜುಲೈನಲ್ಲಿ ಒಪ್ಪಿಕೊಂಡ ಸಂಗತಿ. ಸ್ಪೇಸ್ ಎಕ್ಸ್‌ನ ಕಾರ್ಯವಿಧಾನ ಹೊಸ ಬಗೆಯದಾಗಿದ್ದರಿಂದ ನಾಸಾ ಅದನ್ನು ಹೆಚ್ಚು ಗಮನಿಸಿತ್ತು. ಬೋಯಿಂಗ್‌ನ ಸಾಂಪ್ರದಾಯಿಕ ಕ್ರಮ ಪರಿಚಿತವಾಗಿದ್ದರಿಂದ ಅದರ ತಂತ್ರಾಂಶದ ಮೇಲೆ ಅಷ್ಟು ಗಮನ ಹರಿದಿರಲಿಲ್ಲ. ಹೊಸಬನನ್ನು ಶೋಧಿಸಿ ಹಳಬನನ್ನು ಒಳಗೆ ಬಿಡುವ ಬಾಗಿಲು ಕಾಯುವವನ ರೀತಿ ಇದು. ಹಂಗಿನಷ್ಟೇ ಪರಿಚಯವೂ ಕಣ್ಣನ್ನು ಮಂಜಾಗಿಸಬಲ್ಲದು.

೮. ಬೇಡವೆನ್ನುವ ಶಕ್ತಿ

ಲೇಖನದ ಆರಂಭದಲ್ಲಿ ಹೇಳಿದ ೨೦೨೪ರ ಯಾನದ ಹೊತ್ತಿಗೆ ಈ ಪಾಠಗಳು ಎಷ್ಟರಮಟ್ಟಿಗೆ ಮನನವಾಗಿದ್ದವು? ನಿಲ್ದಾಣವನ್ನು ಸಮೀಪಿಸುವಾಗ ಸ್ಟಾರ್‌ಲೈನರ್‌ನಲ್ಲಿ ಹೀಲಿಯಂ ಸೋರಿಕೆ ಕಾಣಿಸಿತು. ದಿಕ್ಕು ಹೊಂದಿಸುವ ೨೮ ಚಿಕ್ಕ ಎಂಜಿನ್‌ಗಳಲ್ಲಿ ಐದು ಸ್ಥಗಿತಗೊಂಡವು. ನಾಲ್ಕು ಮತ್ತೆ ಚಾಲನೆಗೊಂಡವಾದರೂ ದೋಷದ ಮೂಲ ಖಚಿತವಾಗಲಿಲ್ಲ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಅಂಥದೇ ಎಂಜಿನ್‌ಗಳನ್ನು ಪರೀಕ್ಷಿಸಿದಾಗ, ಬಿಸಿಯಿಂದ ಉಬ್ಬಿದ ಟೆಫ್ಲಾನ್ ಭಾಗವೊಂದು ಇಂಧನದ ಹರಿವನ್ನು ತಡೆಯುತ್ತಿರಬಹುದೆಂಬ ಸೂಚನೆ ದೊರೆಯಿತು. ನೌಕೆ ಯಾತ್ರಿಗಳನ್ನು ಸುರಕ್ಷಿತವಾಗಿ ಮರಳಿಸಬಲ್ಲದೆಂಬುದು ಬೋಯಿಂಗ್‌ನ ನಿಲುವಾಗಿತ್ತು. ಆಗಸ್ಟ್ ೨೪ರಂದು ನಾಸಾ ಬೇರೆ ತೀರ್ಮಾನಕ್ಕೆ ಬಂದಿತು: ಸ್ಟಾರ್‌ಲೈನರ್ ಖಾಲಿಯಾಗಿ ಮರಳಲಿ. ಚಾಲೆಂಜರ್ ಮತ್ತು ಕೊಲಂಬಿಯಾ ದುರಂತಗಳನ್ನು ಆ ದಿನ ನಾಸಾದ ಮುಖ್ಯಸ್ಥ ಬಿಲ್ ನೆಲ್ಸನ್ ಸ್ಮರಿಸಿದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ನೌಕೆ ಅಪಾಯವಿಲ್ಲದೆ ನೆಲ ಮುಟ್ಟಿತು.

ಹಾಗಾದರೆ ಆ ತೀರ್ಮಾನ ಅನಗತ್ಯವಾಗಿತ್ತೆ? ಹಾಗೆ ವಾದಿಸುವವರುಂಟು. ಆದರೆ ಫಲವನ್ನು ನೋಡಿ ತೀರ್ಮಾನವನ್ನು ತೂಗುವುದು ಸುರಕ್ಷತೆಯ ವಿಷಯದಲ್ಲಿ ಅಪಾಯಕಾರಿ. ಕೊಲಂಬಿಯಾದ ಮುಂಚಿನ ಹಲವು ಯಾನಗಳಲ್ಲೂ ನೊರೆಯ ತುಂಡುಗಳು ಕಳಚಿ ಬಿದ್ದಿದ್ದವು, ಯಾತ್ರಿಗಳು ಸುರಕ್ಷಿತವಾಗಿ ಮರಳಿದ್ದರು. ಆ ಸಮಾಧಾನವೇ ೨೦೦೩ರ ದುರಂತಕ್ಕೆ ದಾರಿಯಾಯಿತು.

ಈ ನಿರಾಕರಣೆ ಸಾಧ್ಯವಾದುದಕ್ಕೆ ಒಂದು ಭೌತಿಕ ಆಧಾರವಿತ್ತು. ಎರಡನೆಯ ನೌಕೆಯೊಂದು ಸಿದ್ಧವಾಗಿತ್ತು. ಸೆಪ್ಟೆಂಬರ್ ೨೮ರಂದು ಡ್ರ್ಯಾಗನ್ ನಾಲ್ವರ ಬದಲು ಇಬ್ಬರನ್ನು ಮಾತ್ರ ಹೊತ್ತು, ಎರಡು ಆಸನಗಳನ್ನು ಖಾಲಿಯಿಟ್ಟುಕೊಂಡು ಹೊರಟಿತು. ೨೦೧೪ರಲ್ಲಿ ಒಬ್ಬರಿಗೇ ಗುತ್ತಿಗೆ ಕೊಟ್ಟಿದ್ದರೆ, ಆ ಒಬ್ಬರು ಬೋಯಿಂಗ್ ಆಗಿದ್ದರೆ, ೨೦೨೪ರ ಆಗಸ್ಟ್‌ನಲ್ಲಿ ಬೇಡವೆನ್ನುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಊಹಿಸಬಹುದು. ಪರ್ಯಾಯ ಯೋಜನೆಗಾಗಿ ಲೆಕ್ಕಪರಿಶೋಧಕರು ವರ್ಷಗಳ ಕಾಲ ಮಾಡಿದ ಒತ್ತಾಯದ ನಿಜವಾದ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ. ಪರ್ಯಾಯವಿದ್ದಲ್ಲಿ ಹಂಗು ತಗ್ಗುತ್ತದೆ. ಹಂಗು ತಗ್ಗಿದಲ್ಲಿ ಉಸ್ತುವಾರಿಗೆ ಬೆನ್ನೆಲುಬು ಬರುತ್ತದೆ. ಬೋಯಿಂಗ್‌ಗೆ ಕೊಟ್ಟ ಹೆಚ್ಚುವರಿ ಹಣವೂ ಎರಡನೆಯ ಪೂರೈಕೆದಾರನನ್ನು ಉಳಿಸಿಕೊಳ್ಳುವ ಹೆಸರಿನಲ್ಲೇ ಸಂದಿತ್ತೆಂಬುದನ್ನು ಮರೆಯಲಾಗದು. ಪರ್ಯಾಯಕ್ಕೆ ಬೆಲೆಯುಂಟು, ಆ ಬೆಲೆ ನ್ಯಾಯವಾದುದೇ ಎಂದು ಹೊರಗಿನವರು ಲೆಕ್ಕ ಕೇಳುತ್ತಲೇ ಇರಬೇಕಾಗುತ್ತದೆ.

೯. ಭಾರತದ ಸಂದರ್ಭ

ನಮ್ಮ ದೇಶದ ಗಗನಯಾನ ಯೋಜನೆಯ ರಚನೆ ಬೇರೆ. ನೌಕೆಯ ವಿನ್ಯಾಸ, ನಿರ್ಮಾಣದ ನಿರ್ವಹಣೆ, ಪ್ರಮಾಣೀಕರಣಗಳ ಹೊಣೆ ಇಸ್ರೊ ಸಂಸ್ಥೆಯದು. ಅದರ ಮಾನವ ಬಾಹ್ಯಾಕಾಶ ಯಾನ ಕೇಂದ್ರ ೨೦೧೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ೨೦೧೮ರ ಸ್ವಾತಂತ್ರ್ಯ ದಿನದಂದು ಘೋಷಿಸಿದ ೨೦೨೨ರ ಗಡುವು ಮೀರಿತು. ೨೦೨೪ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಯೋಜನೆಯ ವ್ಯಾಪ್ತಿಯನ್ನು ವಿಸ್ತರಿಸಿ, ಅನುದಾನವನ್ನು ೧೧,೧೭೦ ಕೋಟಿ ರೂಪಾಯಿಗಳಷ್ಟು ಹೆಚ್ಚಿಸಿ, ಒಟ್ಟು ಮೊತ್ತವನ್ನು ೨೦,೧೯೩ ಕೋಟಿ ರೂಪಾಯಿಗಳಿಗೆ ಏರಿಸಿತು. ಕಟ್ಟುವವರೂ ಕೊಳ್ಳುವವರೂ ಒಂದೇ ಸರ್ಕಾರದ ಅಂಗಗಳಾಗಿರುವಲ್ಲಿ ಹಂಗಿನ ಪ್ರಶ್ನೆ ಇಲ್ಲವಾಗುವುದಿಲ್ಲ. ಅದು ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಖಾಸಗಿ ನೌಕೆಯ ಗಿರಾಕಿಯಾದ ಅನುಭವವೂ ಭಾರತಕ್ಕೆ ಒಮ್ಮೆ ಆಯಿತು. ೨೦೨೫ರ ಜೂನ್ ೨೫ರಂದು ಶುಭಾಂಶು ಶುಕ್ಲಾ ಆಕ್ಸಿಯಮ್ ೪ ಯಾನದಲ್ಲಿ ಡ್ರ್ಯಾಗನ್ ನೌಕೆಯನ್ನೇರಿ ನಿಲ್ದಾಣಕ್ಕೆ ಹೋದರು. ಇದಕ್ಕೆ ಮುನ್ನ ಜೂನ್ ೧೧ಕ್ಕೆ ಗೊತ್ತಾಗಿದ್ದ ಉಡಾವಣೆ ಮುಂದಕ್ಕೆ ಹೋಯಿತು. ರಾಕೆಟ್‌ನಲ್ಲಿ ದ್ರವ ಆಮ್ಲಜನಕದ ಸೋರಿಕೆ ಪತ್ತೆಯಾಗಿದ್ದು, ಅದನ್ನು ಸರಿಪಡಿಸಿ ಪರೀಕ್ಷಿಸಿದ ಮೇಲೆಯೇ ಹಾರಾಟಕ್ಕೆ ಒಪ್ಪಿಗೆಯೆಂದು ಇಸ್ರೊ ಬಹಿರಂಗವಾಗಿ ತಿಳಿಸಿತು. ಮುಂದೆ ನಿಲ್ದಾಣದ ರಷ್ಯನ್ ಘಟಕದ ಸೋರಿಕೆಯೂ ದಿನಾಂಕವನ್ನು ಜಗ್ಗಿತು. ತಮ್ಮ ಯಾತ್ರಿ ಪ್ರಯಾಣಿಸುವ ವಾಹನದ ಬಗ್ಗೆ ಗಿರಾಕಿಯಾದವರು ಹೀಗೆ ಬಾಯಿಬಿಟ್ಟು ಹೇಳಿದ್ದು ಒಳ್ಳೆಯ ಮೇಲ್ಪಂಕ್ತಿ.

೧೦. ಸಮಾರೋಪ

ಅಮೆರಿಕದಲ್ಲಿ ಇದೇ ಪ್ರಶ್ನೆ ಈಗ ಚಂದ್ರನ ಮೇಲಿಳಿಯುವ ನೌಕೆಗಳ ಕಡೆಗೆ ಸರಿದಿದೆ. ಅವುಗಳಿಗೂ ನಿಗದಿತ ಬೆಲೆಯ ಗುತ್ತಿಗೆ. ೨೦೨೧ರಲ್ಲಿ ಸ್ಪೇಸ್ ಎಕ್ಸ್‌ಗೆ, ೨೦೨೩ರಲ್ಲಿ ಬ್ಲೂ ಒರಿಜಿನ್‌ಗೆ. ಸ್ಪೇಸ್ ಎಕ್ಸ್‌ನ ನೌಕೆಯ ೧೩ ಮುಖ್ಯ ಹಂತಗಳಲ್ಲಿ ಎಂಟು ಕನಿಷ್ಠ ಆರು ತಿಂಗಳು ಹಿಂದೆ ಬಿದ್ದಿವೆಯೆಂದು ೨೦೨೩ರ ನವೆಂಬರ್‌ನಲ್ಲಿಯೇ ಹೊಣೆಗಾರಿಕೆ ಕಚೇರಿ ವರದಿ ಮಾಡಿತು. ಇತ್ತ ೨೦೨೫ರ ನವೆಂಬರ್‌ನಲ್ಲಿ ಸ್ಟಾರ್‌ಲೈನರ್‌ನ ಗುತ್ತಿಗೆಯನ್ನು ಪರಿಷ್ಕರಿಸಿ, ಖಚಿತ ಯಾನಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಲಾಯಿತು. ಮುಂದಿನ ಯಾನ ಯಾತ್ರಿಗಳಿಲ್ಲದೆ ಸರಕನ್ನಷ್ಟೇ ಒಯ್ಯುವುದೆಂದು ನಿಶ್ಚಯವಾಯಿತು.

ಮೇಲಿನ ವಿವೇಚನೆಯಿಂದ ಹೊರಡುವ ನಿಲುವುಗಳನ್ನು ಹೀಗೆ ಸಂಗ್ರಹಿಸಬಹುದು. ಬೆಲೆಯನ್ನು ನಿಗದಿಪಡಿಸುವ ಗುತ್ತಿಗೆ ಹಣದ ಅಪಾಯವನ್ನು ನಿರ್ಮಾಪಕನಿಗೆ ವರ್ಗಾಯಿಸಬಲ್ಲದು, ಪ್ರಾಣದ ಹೊಣೆಯನ್ನು ವರ್ಗಾಯಿಸಲಾರದು. ಹೆಸರಾಂತ ಸಂಸ್ಥೆಯ ಕೆಲಸಕ್ಕೆ ಹೊಸ ಸಂಸ್ಥೆಯ ಕೆಲಸದಷ್ಟೇ ನಿಕಟವಾದ ಪರೀಕ್ಷೆ ಬೇಕು. ನೌಕೆಯ ಅಗತ್ಯವಿಲ್ಲದವರು ಲೆಕ್ಕವನ್ನೂ ಸುರಕ್ಷತೆಯನ್ನೂ ಪರಿಶೀಲಿಸಿ, ಕಂಡದ್ದನ್ನು ಬಹಿರಂಗವಾಗಿ ಹೇಳುವ ಏರ್ಪಾಡಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಹಾರಾಟದ ದಿನ ಬೇಡವೆನ್ನಬೇಕಾದ ಅಧಿಕಾರಿಯ ಕೈಯಲ್ಲಿ ಬೇರೊಂದು ದಾರಿಯಿರಬೇಕು. ಅಂಥ ದಾರಿಯನ್ನು ಆ ದಿನ ನಿರ್ಮಿಸಲಾಗದು. ಅದು ಹತ್ತು ವರ್ಷ ಮೊದಲೇ ಗುತ್ತಿಗೆ ಪತ್ರದಲ್ಲಿ ಬರೆದಿಡಬೇಕಾದ ವಿಷಯ.